ಮಾವನ ಎದುರು ಮಾತು ಕಲಿಸಿದ ಕಾಕೂ

ಕಾಕೂನ ಬಲಗೈಯ ತೋರುಬೆರಳಿನ ತುದಿ ಯಾವಾಗಲೂ ಕರ್ರಗಿರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ಚಟ ಆಕೆಗೆ. ಎಷ್ಟು ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ, ವಾಸನೆಯೂ ಹೋಗುತ್ತಿರಲಿಲ್ಲ. ಆ ಬೆರಳನ್ನು ನನ್ನ ಗದ್ದದ ಕೆಳಗಿಟ್ಟು ಮುಖ ಮೇಲೆತ್ತಿ, "ನೆಲದಾಗ ಏನ್ ಹುಡುಕಾಕತ್ತೀ? ಕಳಕೊಂಡಿದ್ದು ಅಲ್ಲಿಲ್ಲ, ಮ್ಯಾಲ ನೋಡು" ಅನ್ನುತ್ತಿದ್ದಳು. ಆ ವಾಸನೆಯಿಂದ ತಪ್ಪಿಸಿಕೊಳ್ಳುವುದಕ್ಕಾದರೂ ಮುಖ ಎತ್ತಲೇಬೇಕಾಗುತ್ತಿತ್ತು.

ಸಂಬಂಧದಲ್ಲಿ ಆಕೆ ನನಗೆ ಏನೂ ಅಲ್ಲ. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ನಾನು ಹಿಡಿದ ಬಾಡಿಗೆ ಖೋಲಿಯ ಪಕ್ಕದ ಮನೆಯಾಕೆ. ಚಿಕ್ಕಮ್ಮನನ್ನು ಕರೆದ ಹಾಗೆ ಓಣಿಯವರೆಲ್ಲ ಕಾಕೂ ಅನ್ನುತ್ತಿದ್ದರು, ನಾನೂ ಅಂದೆ. ಆಕೆಯ ಗಂಡ ಟಿಕೋಟಾದವರು. ಕನಮಡಿ ಬಸ್ಸು ಓಡಿಸಿ ಓಡಿಸಿ, ಎಂಜಿನ್ನಿನ ಸದ್ದಿಗೆ ಅರ್ಧ ಕಿವುಡಾಗಿ ನಿವೃತ್ತರಾದವರು. ಅವರಿಗೆ ಕೇಳಲೆಂದು ಕಾಕೂ ಜೋರಾಗಿ ಮಾತಾಡುತ್ತಿದ್ದಳು. ಅವರ ಮನೆಯ ಪಲ್ಯಕ್ಕೆ ಉಪ್ಪು ಹೆಚ್ಚಾದದ್ದು ನಮಗೆಲ್ಲ ಗೊತ್ತಾಗುತ್ತಿತ್ತು.

ನಾನು ಆ ಖೋಲಿಗೆ ಬಂದದ್ದು ಗಂಡ ಸತ್ತ ಮೇಲೆ. ನಮ್ಮ ಮನೆಯಿದ್ದ ಬಬಲೇಶ್ವರಕ್ಕೆ ಬೈಕಿನಲ್ಲಿ ಮರಳುವಾಗ ಲಾರಿಗೆ ಸಿಕ್ಕಿ ಹೋದರು. ದಿನಕರ್ಮ ಮುಗಿದ ಸಂಜೆ ಮಾವ ಪಡಸಾಲೆಯಲ್ಲಿ ಕೂತು, "ಆಕಿ ನೌಕರಿ ಮಾಡ್ಕೊಂತ ಎಲ್ಲೆರೆ ಇರ್ಲಿ. ಕೂಸು ನಮ್ಮ ಮನೀದು, ಇಲ್ಲೇ ಇರ್ತೈತಿ" ಅಂದರು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ.

ಕನ್ನಡ ಎಂ.ಎ. ಮಾಡಿ, ಸಾಲಿಯಲ್ಲಿ ತರಗತಿ ತುಂಬ ಹುಡುಗರ ಬಾಯಿ ಮುಚ್ಚಿಸುವವಳು ನಾನು. ಆದರೆ ಮದುವೆಯಾದಂದಿನಿಂದ ಮಾವನ ಎದುರು ಒಂದು ಮಾತು ಆಡಿದವಳಲ್ಲ. ಅವರು ಹೊಸ್ತಿಲಲ್ಲಿ ಕೆಮ್ಮಿದರೆ ಸೊಸೆಯಂದಿರು ಎದ್ದು, ಸೆರಗು ಎಳೆದುಕೊಂಡು ಒಳಗೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಅತ್ತೆಯ ಮೂಲಕ ಹೇಳಬೇಕು. ಆ ಸಂಜೆಯೂ "ಕೂಸನ್ನ ನಾ ಕರ್ಕೊಂಡು ಹೋಗ್ತೇನ್ರಿ" ಎಂದು ಅತ್ತೆಯ ಕಿವಿಯಲ್ಲೇ ಹೇಳಿದೆ. ಅತ್ತೆ ಅದನ್ನು ಮಾವನಿಗೆ ಮುಟ್ಟಿಸಲಿಲ್ಲ. ಕೂಸು ಅಲ್ಲೇ ಉಳಿಯಿತು, ನಾನೊಬ್ಬಳೇ ವಿಜಯಪುರಕ್ಕೆ ಬಂದೆ.

ಹೊನವಾಡದಿಂದ ನನ್ನ ಅಪ್ಪ ಬಂದು ವಕೀಲರನ್ನು ಹಿಡಿದರು. ಕೇಸು ದಾಖಲಾಯಿತು. ಸುದ್ದಿ ಹೇಗೆ ತಿಳಿಯಿತೋ, ಕಾಕೂ ಅಂದೇ ಎರಡು ಬಿಸಿ ರೊಟ್ಟಿ ಹಿಡಿದುಕೊಂಡು ಬಂದಳು. "ಕೋರ್ಟಿಗಿ ಹೊಂಟೀಯಂತ. ಹೆಂಗ ನಿಂದರ್ತೀ ಅಲ್ಲಿ? ಏಳು, ನಿಂತು ತೋರ್ಸು" ಅಂದಳು. ನಿಂತೆ. "ಹಿಂಗ ನಿಂತ್ರ ನಿನ್ನ ಯಾರದೋ ಮನಿ ಆಳು ಅಂತಾರ" ಅಂದಳು.

ಓಣಿಯ ಎಷ್ಟೋ ಹೆಣ್ಣುಮಕ್ಕಳ ಜೊತೆ ಆಕೆ ಕೋರ್ಟಿಗೆ ಹೋಗಿ ಬಂದಿದ್ದಳು. ಹಾಗೆಂದು ಕಾಯ್ದೆ ಗೊತ್ತಿತ್ತು ಎಂದಲ್ಲ. ಸೋಮವಾರ ನ್ಯಾಯಾಧೀಶರು ಮೆತ್ತಗಿರುತ್ತಾರೆ, ಅಮಾವಾಸ್ಯೆಯ ತಾರೀಕು ಒಪ್ಪಬಾರದು ಎಂದೆಲ್ಲ ಹೇಳುತ್ತಿದ್ದಳು. ಒಮ್ಮೆ ಆಕೆಯ ಮಾತು ಕೇಳಿ ನಾನು ಅಮಾವಾಸ್ಯೆಯ ತಾರೀಕು ಮುಂದೂಡಿಸಲು ಹಟ ಹಿಡಿದೆ. ನಮ್ಮ ವಕೀಲರು ಸಣ್ಣ ವಯಸ್ಸಿನವರು, ಕೆಲಸ ಬಲ್ಲವರು. "ಟೀಚರ್, ಆ ಕಾಕೂನ್ನ ಸ್ವಲ್ಪ ದೂರ ಇಡ್ರಿ" ಎಂದು ಕೈ ಮುಗಿದರು. ಕಾಯ್ದೆಯ ಮಟ್ಟಿಗೆ ಅವರು ಹೇಳಿದ್ದೇ ಸರಿ. ಆದರೆ ಆ ಬಾಗಿಲು ದಾಟುವುದು, ಕಾಯುವುದು, ಬಾಯಿ ಬಿಡುವುದು, ಇವನ್ನು ನಾನು ಕಲಿತದ್ದು ಕಾಕೂನಿಂದಲೇ.

ಹೊಟ್ಟೆ ತುಂಬ ಉಂಡು ಹೋಗಬೇಕು. ಹಸಿದವಳು ಮಧ್ಯಾಹ್ನದ ಹೊತ್ತಿಗೆ ಯಾರು ಏನು ಅಂದರೂ ಹೂಂ ಅನ್ನುತ್ತಾಳೆ. ರೇಷ್ಮೆಯೂ ಬೇಡ, ಹರಕೂ ಬೇಡ, ಸಾಲಿಗೆ ಉಡುವ ಸೀರೆಯೇ ಸಾಕು. ಹೆಸರು ಕೂಗುವ ಜವಾನನ ದನಿ ಕೇಳುವಷ್ಟು ಹತ್ತಿರ ಕೂಡಬೇಕು. ಕರೆದಾಗ ಇಲ್ಲದಿದ್ದರೆ ಕಟಕಟೆ ನಮಗಾಗಿ ಕಾಯುವುದಿಲ್ಲ. "ಮುಂದಿನ ತಾರೀಕು ಯಾವಾಗ ಅಂತ ಅಷ್ಟ ಕೇಳಿ ಹೊಳ್ಳಿ ಬರಬ್ಯಾಡ. ಯಾತಕ್ಕ ಅಂತ ಕೇಳು. ಯಾತಕ್ಕ ಅಂತ ಗೊತ್ತಿಲ್ದಾಕಿ ದೇವರ ಗುಡಿಗಿ ಹೋದಂಗ ಹೋಗಿ ಬರ್ತಾಳ" ಅನ್ನುತ್ತಿದ್ದಳು. "ಅಳೂದಿದ್ರ ಮನ್ಯಾಗ ಅತ್ತು ಬಾ. ಅಲ್ಲಿ ನೀ ಅಳ್ಕೊಂತ ನಿಂತ್ರ ಹೇಳೂದು ಅರ್ಧಕ್ಕ ಉಳೀತೈತಿ." ಎಲ್ಲಕ್ಕಿಂತ ದೊಡ್ಡದು ತಲೆಯ ವಿಷಯ. "ತಲಿ ಅಲ್ಲಾಡಿಸಬ್ಯಾಡ. ತಲಿ ಬಗ್ಗಿಸೂದು ಕಾಗದದಾಗ ಇಳಿಯೂದಿಲ್ಲ. ಇಳದ್ರ ಅವರಿಗಿ ಬೇಕಾದಂಗ ಇಳೀತೈತಿ. ಬಾಯಿಲೆ ಹೇಳು."

ಬಾಯಿಂದ ಹೇಳುವುದಕ್ಕೇ ನನಗೆ ಆಗುತ್ತಿರಲಿಲ್ಲ. ಮೊದಲ ತಾರೀಕಿನ ದಿನ ಮಾವ ಎದುರಿನ ಬೆಂಚಿನಲ್ಲಿ ಕೂತಿದ್ದನ್ನು ಕಂಡೇ ನನ್ನ ಸೆರಗು ತಲೆಗೇರಿತ್ತು. ವಕೀಲರು ಕೇಳಿದ ನನ್ನ ಊರಿನ ಹೆಸರೂ ಹೊರಡಲಿಲ್ಲ. ಕಾಕೂ ಇದನ್ನು ಕೇಳಿ ಬೈಯಲಿಲ್ಲ. ಮರುದಿನ ಗಂಡನ ತಲೆಗೆ ಬಿಳಿ ರುಮಾಲು ಸುತ್ತಿ, ಕುರ್ಚಿಯಲ್ಲಿ ಕೂಡಿಸಿ, "ಇವರ ನಿನ್ನ ಮಾವ. ಹೇಳು" ಅಂದಳು. ಪಾಪ, ಆ ಡ್ರೈವರ್ ಕಾಕಾ ನೊಣಕ್ಕೂ ಕೈ ಎತ್ತಿದವರಲ್ಲ. ಕಣ್ಣು ಕೆಕ್ಕರಿಸಲು ಹೋಗಿ ನಗು ತಡೆಯಲಾರದೆ, "ಏ, ನನ್ನ ಕಡಿಂದ ಆಗೂದಿಲ್ಲ ಬೇ" ಅಂದರು. "ಸುಮ್ಮ ಕುಂದರ್ರಿ, ಮೀಸಿ ತಿರುವ್ರಿ" ಎಂದು ಗದರಿಸಿದಳು. ನಾನು ಪಿಸುಗುಟ್ಟಿದರೆ ಅವರಿಗೆ ಕೇಳುತ್ತಿರಲಿಲ್ಲ. "ಆಂ?" ಅನ್ನುತ್ತಿದ್ದರು. ಮತ್ತೆ ಹೇಳು, ಇನ್ನೂ ಜೋರಾಗಿ ಹೇಳು. "ನನ್ನ ಮಗಳು ನನಗ ಬೇಕ್ರಿ" ಎಂದು ಆ ಮುದುಕರ ಮುಖ ನೋಡಿ ಒದರಿದ ದಿನ ನನಗೆ ನಿಲ್ಲಿಸಲಾರದಷ್ಟು ಅಳು ಬಂತು. ಕಾಕಾ ರುಮಾಲು ಬಿಚ್ಚಿ ಹೊರಗೆ ಹೋಗಿಬಿಟ್ಟರು.

ಸಾಕ್ಷಿಯ ದಿನ ಹತ್ತಿರ ಬಂದಾಗ ನನ್ನ ಮೈದುನ ಮನೆಗೆ ಬಂದ. ಕೇಸು ಹಿಂದಕ್ಕೆ ತಗೊಂಡು, ಊರಿಗೆ ಬಂದು ಹಿರಿಯರ ಮುಂದೆ ಕೂತು ಮುಗಿಸೋಣ ಅಂದ. ನನಗೆ ಸಾಕಾಗಿತ್ತು. ಕಾಕೂನ ಹತ್ತಿರ ಹೋಗಿ, "ಹಿರೇರ ಮುಂದ ಬಗೀಹರದ್ರ ಚೊಲೋ ಅಲ್ರಿ, ಕಾಕೂ?" ಎಂದೆ.

ಆಕೆಯ ಮುಖ ಕಪ್ಪಿಟ್ಟಿತು. ಅಂದೇ ಮೊದಲ ಸಲ ತನ್ನ ಕತೆ ಹೇಳಿದಳು. ಡ್ರೈವರ್ ಕಾಕಾ ಆಕೆಯ ಎರಡನೆಯ ಗಂಡ. ಮೊದಲ ಗಂಡನ ಊರು ಗಡಿಯ ಕಡೆ. ಆತ ಸತ್ತಾಗ ಈಕೆಗೆ ಇಪ್ಪತ್ತೂ ತುಂಬಿರಲಿಲ್ಲ, ಕಂಕುಳಲ್ಲಿ ಹೆಣ್ಣು ಕೂಸು. ತವರಿನವರು ಉಡಿಕಿ ಮಾಡಿ ಕೊಡುತ್ತೇವೆ, ಅಂದರೆ ಎರಡನೆಯ ಮದುವೆ ಮಾಡುತ್ತೇವೆ ಅಂದರು. ಉಡಿಕಿಗೆ ಹೋಗುವವಳು ಕೂಸನ್ನು ಮೊದಲ ಗಂಡನ ಮನೆಗೆ ಬಿಟ್ಟು ಹೋಗಬೇಕೆಂಬುದು ರೂಢಿ. ಹಿರಿಯರು ಸೇರಿದರು.

"ನಟ್ಟನಡುವ ನಮ್ಮ ಮಾವ ಕುಂತಿದ್ದ" ಅಂದಳು ಕಾಕೂ. "ಕೂಸು ಬಿಟ್ಟು ಹೋಗಾಕ ನಿನ್ನ ಒಪ್ಪಿಗಿ ಐತೇನವ್ವಾ ಅಂತ ಕೇಳಿದ್ರು. ಒಲ್ಲೆ ಅಂತ ಬಾಯಿತನಕ ಬಂದಿತ್ತು. ಮಾವನ ಮುಂದ ಹೆಂಗ ಮಾತಾಡ್ಲಿ? ತಲಿ ಬಗ್ಗಿಸಿದೆ. ಒಪ್ಪಿದ್ಳು ಅಂತ ಎದ್ದ ಬಿಟ್ರು."

ಆಮೇಲೆ ಈ ಕಾಕಾನೇ ಆಕೆಯನ್ನು ಕೋರ್ಟಿಗೆ ಕರೆದೊಯ್ದರಂತೆ. ಊರ ಮುಂದೆ ಒಪ್ಪಿದ್ದಾಳೆಂದು ಊರಿನವರೇ ಬಂದು ಹೇಳಿದರು. ಈಕೆಯ ಸರದಿ ಬಂದಾಗ ಅದೇ ಮಾವ ಎದುರಿಗಿದ್ದ. ಅಲ್ಲಿಯೂ ಬಾಯಿ ಬಿಡಲಾಗಲಿಲ್ಲ. "ನಾ ಸುಳ್ಳ ಹೇಳಿ ಸೋತಾಕಿ ಅಲ್ಲ. ಖರೇನೂ ಹೇಳ್ಲಿಲ್ಲ, ಸೋತೆ" ಎಂದು ಎದ್ದು ಒಳಗೆ ಹೋದಳು. ನಾನು ಮೈದುನನಿಗೆ ಫೋನು ಮಾಡಿ ಆಗುವುದಿಲ್ಲ ಅಂದೆ.

ಸಾಕ್ಷಿಯ ದಿನ ಕಾಕೂಗೆ ಒಳಗೆ ಬರಲು ಬಿಡಲಿಲ್ಲ. ಮಾವನ ಕಡೆಯ ವಕೀಲರು ಬಹಳ ಸಮಾಧಾನದಿಂದ, "ಅಜ್ಜ ಅಜ್ಜಿ ಕೂಸನ್ನ ಚೊಲೋ ನೋಡ್ಕೋತಾರ, ಅಲ್ಲಿ ಅದಕ್ಕ ಏನೂ ಕಡಿಮಿ ಇಲ್ಲ. ಖರೇ ಅಲ್ಲೇನಮ್ಮಾ?" ಎಂದು ಕೇಳಿದರು. ಅದು ನಿಜವೇ ಆಗಿತ್ತು. ಅಷ್ಟರಲ್ಲಿ ಮಾವ ಕೆಮ್ಮಿದರು. ಬೇಕೆಂದೇ ಕೆಮ್ಮಿದರೋ, ಗಂಟಲು ಕೆರೆಯಿತೋ ತಿಳಿಯದು. ನನ್ನ ಕತ್ತು ತಾನಾಗಿಯೇ ಬಾಗತೊಡಗಿತು. ಬಾಗಿದರೆ ಮಗಳು ಹೋದಳು ಎಂಬುದೊಂದೇ ತಲೆಯಲ್ಲಿತ್ತು. "ಚೊಲೋ ನೋಡ್ಕೋತಾರ್ರಿ. ಆದ್ರ ಅಕಿ ನನ್ನ ಮಗಳು. ನನ್ನ ಹಂತ್ಯಾಕ ಇರಬೇಕ್ರಿ" ಅಂದೆ. "ಸ್ವಲ್ಪ ಮೆಲ್ಲಗೆ ಹೇಳಿ, ನಮಗೆ ಕಿವಿ ಕೇಳಿಸುತ್ತೆ" ಎಂದರು ನ್ಯಾಯಾಧೀಶರು. ಹೊರಗೆ ಬಂದಾಗ ಮಾವ ನನ್ನ ಮುಖವನ್ನು ಮೊದಲ ಬಾರಿಗೆ ನೇರವಾಗಿ ನೋಡಿದರು. ಸಿಟ್ಟಿರಲಿಲ್ಲ. ಗುರುತು ಸಿಗದವರನ್ನು ನೋಡುವಂತೆ ನೋಡಿ ಹೋದರು. ಆಮೇಲೆ ಅವರು ಬದುಕಿದ್ದಷ್ಟು ದಿನ ನನ್ನ ಜೊತೆ ಮಾತಾಡಲಿಲ್ಲ.

ಆದೇಶ ನನ್ನ ಪರವಾಗಿಯೇ ಬಂತು, ತಡವಾಗಿ. ಮಗಳು ಅಷ್ಟರಲ್ಲಿ ಅಜ್ಜಿಯನ್ನೇ ಅವ್ವ ಅನ್ನಲು ಕಲಿತಿದ್ದಳು. ನನ್ನ ಮನೆಗೆ ಬಂದು ಊಟ ಬಿಟ್ಟಳು, ಬಾಗಿಲ ಕಡೆ ಮುಖ ಮಾಡಿ ಮಲಗಿದಳು, "ನೀ ಕೆಟ್ಟಾಕಿ" ಎಂದಳು. ಗೆದ್ದು ಏನು ಬಂತು ಎಂದು ನಾನು ಅಳತೊಡಗಿದೆ. "ಸಿಟ್ಟು ಬರೂದ ಬಿಡು. ಅಕಿನ್ನ ಯಾರು ಕೇಳ್ಯಾರ?" ಎಂದಳು ಕಾಕೂ. "ಸಿಟ್ಟು ಮಾಡಾಕ ಮನ್ಯಾಗ ಅದಾಳಲ್ಲ. ನನ್ನ ಮ್ಯಾಲ ಸಿಟ್ಟು ಮಾಡಾಕೂ ನನ್ನಕಿ ಬರ್ಲಿಲ್ಲ." ಮಗಳು ಮೊದಲು ಉಂಡದ್ದು ಕಾಕೂನ ಕೈಯಿಂದ.

ಹೋದ ವರ್ಷ ಕಾಕೂಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಮೂತ್ರಪಿಂಡ ಕೆಟ್ಟಿತು. ಬಹಳ ದಿನ ಉಳಿಯಲಿಲ್ಲ. ಮಣ್ಣು ಮಾಡಲು ಟಿಕೋಟಾಕ್ಕೆ ಒಯ್ದರು. ಆಕೆಯ ಮಗಳಿಗೆ ಹೇಳಿ ಕಳಿಸಿದ್ದು ನಾನೇ. ಬರುವಳೆಂದು ಯಾರೂ ನಂಬಿರಲಿಲ್ಲ. ಬಂದಳು. ಥೇಟ್ ಕಾಕೂನ ಹಣೆ, ಕಾಕೂನ ಮೂಗು. ದೂರದಲ್ಲಿ ಒಬ್ಬಳೇ ನಿಂತಿದ್ದವಳ ಹತ್ತಿರ ನಾನೇ ಹೋದೆ.

"ಹೂಂ ಅಂದು ನನ್ನ ಬಿಟ್ಟು ಹೋದ್ಳಂತ. ಖರೇ ಏನ್ರಿ?" ಎಂದಳು.

"ಇಲ್ಲವ್ವಾ. ಹೂಂ ಅನ್ಲಿಲ್ಲ. ಒಲ್ಲೆ ಅನ್ನಾಕೂ ಆಗ್ಲಿಲ್ಲ" ಎಂದು ಕಾಕೂ ಹೇಳಿದ್ದಷ್ಟನ್ನೂ ಹೇಳಿದೆ.

"ನಿಮಗ ಹೇಳ್ಯಾಳ. ಮಂದಿಗೆಲ್ಲಾ ಮಾತು ಕಲಿಸ್ಯಾಳಂತ. ಬಸ್ ಹತ್ತಿ ಬಂದು ನನಗ ಒಮ್ಮೆರೆ ಹೇಳಬೇಕಿತ್ತಲ್ರಿ?" ಎಂದಳು.

ಮಗಳಿದ್ದ ಊರಿಗೆ ಹೋಗಿ ಬರೋಣವೆಂದು ಕಾಕಾ ಎಷ್ಟೋ ಸಲ ಕರೆದರೂ ಕಾಕೂ ಹೋಗಿರಲಿಲ್ಲ. ಮಗಳ ಮುಂದೆ ನಿಂತು ಆ ಒಂದು ಮಾತು ಆಡುವ ಧೈರ್ಯ ಆಕೆಗೆ ಕೊನೆಗೂ ಬರಲಿಲ್ಲ. ಆ ಹೆಣ್ಣುಮಗಳು ಎಲ್ಲರಿಗಿಂತ ಕೊನೆಗೆ ಒಂದು ಹಿಡಿ ಮಣ್ಣು ಹಾಕಿ, ಯಾರಿಗೂ ಹೇಳದೆ ಬಸ್ ನಿಲ್ದಾಣದ ಕಡೆ ಹೊರಟಳು. ಹೋಗುವಾಗ ಒಮ್ಮೆ ತಿರುಗಿ ನನ್ನನ್ನು ನೋಡಿದಳು, ನನ್ನ ಪಕ್ಕದಲ್ಲಿದ್ದ ನನ್ನ ಮಗಳನ್ನು ನೋಡಿದಳು. ಆಕೆಯ ಎದುರು ಮಗಳ ಕೈ ಹಿಡಿದು ನಿಲ್ಲಲು ನನಗೆ ನಾಚಿಕೆಯಾಯಿತು. ಆದರೂ ಕೈ ಬಿಡಲಿಲ್ಲ.