ಬಿಸಿಯಾದ ಮೇಲಿನ ಮುಳ್ಳು

ಪಾರ್ವತಿನಗರದಲ್ಲಿ ನಮ್ಮ ಪಕ್ಕದ ಮನೆಯವರು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದರು. ಯಾರ ಆಂಪ್ಲಿಫೈಯರ್ ರಿಪೇರಿಗೆ ಕೈಗೆತ್ತಿಕೊಂಡರೂ "ತಡೀರಿ, ಬಿಸಿ ಆಗ್ಲಿ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಪಾಠ ಮಾಡುತ್ತಿದ್ದ ಕುರುಗೋಡಿನ ಶಾಲೆಯ ಮಕ್ಕಳ ನಾಟಕಕ್ಕೆಂದು ನಾನೇ ಒಂದು ಆಂಪ್ಲಿಫೈಯರ್ ಕಟ್ಟಿದ್ದೆ. ನಾಟಕದ ದಿನ ಮಧ್ಯಾಹ್ನ ಅದರ ಬಯಾಸ್ ಕರೆಂಟನ್ನು, ಅಂದರೆ ಸದ್ದಿಲ್ಲದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಸಣ್ಣ ಕರೆಂಟನ್ನು, ಹೊಂದಿಸಲು ಅವರ ಬಳಿ ಒಯ್ದೆ. ಅವರು ಅದನ್ನು ಹೆಚ್ಚು ಕಡಿಮೆ ಮಾಡುವ ಸ್ಕ್ರೂ ತಿರುಗಿಸಿದರು. ಮೀಟರಿನ ಮುಳ್ಳು ಸರಿಯಾಗಿ ಬೇಕಾದ ಇಪ್ಪತ್ತು ಮಿಲಿಆಂಪಿಗೆ ಬಂದು ನಿಂತಿತು.

"ಆತಲ್ರಿ, ಕುರುಗೋಡಿನ ಬಸ್ಸಿಗೆ ಹೊತ್ತಾತು," ಎಂದೆ.

"ತಡೀರಿ ಮಾಸ್ತರ್ರ, ಬಿಸಿ ಆಗ್ಲಿ."

ಹತ್ತು ನಿಮಿಷದಲ್ಲಿ ಮುಳ್ಳು ನಲವತ್ತಕ್ಕೆ ಏರಿತು, ಆಮೇಲೆ ಅರವತ್ತು ದಾಟಿತು. ಅವರು ಥಟ್ಟನೆ ಸ್ವಿಚ್ ಆರಿಸಿ ಒಳಗೆ ಬಗ್ಗಿ ನೋಡಿದರು. ಬಿಸಿಯನ್ನು ಅರಿತು ಕರೆಂಟು ತಗ್ಗಿಸಬೇಕಾದ ಡಯೋಡು, ಟ್ರಾನ್ಸಿಸ್ಟರುಗಳನ್ನು ಕೂರಿಸಿದ್ದ ಅಲ್ಯೂಮಿನಿಯಂ ತಗಡಿನಿಂದ ಕಳಚಿಕೊಂಡಿತ್ತು.

"ಹಿಂಗ ಒಯ್ದಿದ್ರ ಮೊದಲನೇ ಅಂಕದಾಗ ಸುಟ್ಟು ಹೋಗ್ತಿತ್ತು," ಎನ್ನುತ್ತ ಅದನ್ನು ತಗಡಿಗೆ ಒತ್ತಿ ಬಿಗಿದು, ಸ್ಕ್ರೂ ಪೂರ್ತಿ ಹಿಂದಕ್ಕೆ ತಿರುಗಿಸಿ, ಮೊದಲಿನಿಂದ ಶುರು ಮಾಡಿದರು. ಬಸ್ಸು ತಪ್ಪಿತು. ಮುಳ್ಳು ಅರ್ಧ ಗಂಟೆ ಅಲ್ಲಾಡದೆ ನಿಂತರೂ ಅವರಿಗೆ ಧೈರ್ಯ ಬರಲಿಲ್ಲ. ಮುಂದಿನ ಬಸ್ಸಿಗೆ ನನ್ನ ಜೊತೆ ತಾವೂ ಹತ್ತಿದರು.

ನಾಟಕ ಮುಗಿಯುವವರೆಗೆ ಪರದೆಯ ಹಿಂದೆ ಕೂತು, ತಗಡಿನ ಮೇಲಿಟ್ಟ ಬೆರಳನ್ನು ತೆಗೆಯಲೇ ಇಲ್ಲ. ಜನ ಎದ್ದು ಹೋದ ಮೇಲೆ ನನ್ನನ್ನು ಕೇಳಿದರು: "ನಾಟಕ ಹೆಂಗಿತ್ರಿ?"