ಗಿಟಾರಿನ ಹೊಟ್ಟೆಯಲ್ಲಿ ಗಲಗಲ

2022ರಲ್ಲಿ ನಾನು ಕಾಕ್ಸ್ ಟೌನಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಗಿಟಾರ್ ರಿಪೇರಿ ಮಾಡುತ್ತಿದ್ದೆ. ದಸರಾ ಮುಗಿದ ಮರುವಾರ ಗರುಡಾಚಾರ್‌ಪಾಳ್ಯದ ಮುನಿರಾಜು ಬಂದರು. ಅವರ ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಆಫೀಸುಗಳು ಎದ್ದಿವೆ, ಬಾಡಿಗೆಯೆಲ್ಲ ಹಳೇ ಗಿಟಾರುಗಳಿಗೆ ಹೋಗುತ್ತದೆ. ಅದರಲ್ಲೂ ಸೆಮಿ-ಹಾಲೋ ಅಂದರೆ ಅವರಿಗೆ ಪ್ರಾಣ. ಅದು ಎಲೆಕ್ಟ್ರಿಕ್ ಗಿಟಾರೇ, ಆದರೆ ಒಡಲಿನ ನಡುವೆ ಗಟ್ಟಿ ಮರ, ಎರಡು ಪಕ್ಕ ಟೊಳ್ಳು, ಮೇಲೆ ಪಿಟೀಲಿಗಿರುವಂಥ ಎರಡು ಸೀಳು. ಆ ಟೊಳ್ಳಿನಿಂದಲೇ ನಾದಕ್ಕೆ ಒಂದು ಬೆಚ್ಚನೆಯ ಗುಂಗು.

ನುಡಿಸಲು ಅವರಿಗೆ ಬರುತ್ತಿದ್ದುದು ಅಷ್ಟಕ್ಕಷ್ಟೇ. ಬೇಕಿದ್ದುದು ಕಥೆ. ಬೆವರಿಗೆ ಮಾಸಿದ ಬಣ್ಣ, ಯಾರದೋ ಉಂಗುರ ಗೀಚಿದ ಗೆರೆ, ಸಿಗರೇಟು ಸುಟ್ಟ ಕಲೆ, ಇವನ್ನೇ ತೋರಿಸುತ್ತಾ ಗಂಟೆಗಟ್ಟಲೆ ಕೊರೆಯುತ್ತಿದ್ದರು. ಒಂದು ಸ್ಕ್ರೂ ಬದಲಾದರೂ 'ಒರಿಜಿನಲ್ ಹೋಯ್ತು' ಎಂದು ಊಟ ಬಿಡುವ ಆಸಾಮಿ.

ಅಂದು ಅವರ ಮುಖ ಬಿಳಿಚಿಕೊಂಡಿತ್ತು. ಅರವತ್ತರ ದಶಕದ ಅಮೆರಿಕನ್ ಗಿಟಾರನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿದರು. ಒಳಗೆ ಗಲಗಲ ಎಂದಿತು.

"ಈ ವಾರ ಶುರುವಾಗಿದ್ದು ಸಾರ್. ಒಳಗಿನ ಮರ ಬಿಟ್ಕೊಂಡಿದೆ. ನನ್ ಕಥೆ ಮುಗೀತು."

"ಹಂಗಿದ್ರೆ ಹಿಂಬದಿ ಬಿಚ್ಬೇಕಾಗತ್ತೆ."

"ಅದರ ಬದಲು ನನ್ ಹೊಟ್ಟೇನೇ ಬಿಚ್ಚಿ ಸಾರ್!"

ಸೀಳಿನೊಳಗೆ ಪುಟ್ಟ ಕನ್ನಡಿ ತೂರಿಸಿ, ಟಾರ್ಚು ಬಿಟ್ಟು ನೋಡಿದೆ. ತಳದಲ್ಲಿ ಹಳದಿ ಚೂರುಗಳು. ಒಡಲಿನ ಮೇಪಲ್ ಮರವೇ ಉದುರುತ್ತಿದೆ ಎಂದು ದೊಡ್ಡ ಪಂಡಿತನಂತೆ ತೀರ್ಪು ಕೊಟ್ಟೆ. ಅವರು ಕುರ್ಚಿಯಲ್ಲಿ ಕುಸಿದರು. ಗಿಟಾರನ್ನು ಬೋರಲು ಹಿಡಿದು ತಟ್ಟಿದೆ. ಬೆಂಚಿನ ಮೇಲೆ ಉದುರಿದ್ದು ಅಕ್ಕಿ!

ಮುನಿರಾಜು ಚಂಗನೆ ಎದ್ದರು. "ಸಾರ್, ಅಮೆರಿಕಾದಲ್ಲಿ ಚರ್ಚ್ ಮದುವೇಲಿ ಅಕ್ಕಿ ಎರಚ್ತಾರಲ್ವಾ? ಹಳೇ ಓನರ್ ಯಾವ್ದೋ ಮದುವೇಲಿ ಬಾರ್ಸಿದಾನೆ! ಅರವತ್ತು ವರ್ಷದ ಅಕ್ಕಿ ಗುರುವೇ ಇದು!"

ನಾನು ಮೂಸಿದೆ. ಅರಿಶಿನ.

"ರೀ ಮುನಿರಾಜು, ಮನೇಲಿ ಆಯುಧ ಪೂಜೆ ಮಾಡಿದ್ರಾ?"

ಅವರ ಉತ್ಸಾಹ ಜರ್ರನೆ ಇಳಿಯಿತು. ತಾಯಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಅಮ್ಮಾ, ನನ್ ಗಿಟಾರ್‌ಗೆ ಏನಾದ್ರೂ ಮಾಡಿದ್ಯಾ?"

"ನಾನೇನ್ಲಾ ಮಾಡ್ಲಿ? ಕಾರ್‌ಗೆ, ಟ್ರ್ಯಾಕ್ಟರ್‌ಗೆ ಪೂಜೆ ಮಾಡ್ದಂಗೆ ಅದ್ಕೂ ಮಾಡ್ದೆ. ಕುಂಕುಮ ಇಟ್ರೆ ಕಿರುಚ್ತೀಯ ಅಂತ ನಾಕ್ ಕಾಳು ಅಕ್ಷತೆ ಹಾಕ್ದೆ, ಅಷ್ಟೇಯ. ದಿನಾ ಒರೆಸ್ಕೊಂಡು ಕೂತಿರ್ತೀಯಲ್ಲ, ನಿನ್ ಆಯುಧ ಅದೇ ತಾನೆ? ಒಳ್ಳೇದಾಗ್ಲಿ ಅಂತ ಕಣಪ್ಪ."

ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮುನಿರಾಜು ಮಾತ್ರ ನಗಲಿಲ್ಲ. ಬೆಂಚಿನ ಮೇಲಿನ ಕಾಳುಗಳನ್ನು ಒಂದೊಂದಾಗಿ ಅಂಗೈಗೆ ಆಯ್ದುಕೊಂಡರು. ಗಿಟಾರಿನೊಳಗೆ ಉಳಿದದ್ದನ್ನು ತೆಗೆಯಲು ನಾನು ಕೈಹಾಕಿದಾಗ ತಡೆದರು.

"ಒಂದೆರಡು ಕಾಳು ಒಳಗೇ ಇರ್ಲಿ ಸಾರ್."

"ನುಡಿಸಿದ್ರೆ ಗಲಗಲ ಅನ್ನತ್ತೆ ರೀ!"

"ನಾನೆಲ್ಲಿ ನುಡಿಸ್ತೀನಿ ಸಾರ್?"

ಗಿಟಾರ್ ಬಿಚ್ಚುವ ಮೊದಲು ಮನೆಯಲ್ಲಿ ಯಾವ ಹಬ್ಬ ಆಯಿತೆಂದು ಕೇಳಬೇಕು, ವೃತ್ತಿ ನನಗೆ ಕಲಿಸಿದ ಪಾಠ ಅದು. ಮುನಿರಾಜು ಈಗಲೂ ಮನೆಗೆ ಬಂದವರಿಗೆ ಆ ಗಿಟಾರಿನ ಮೇಲಿನ ಉಂಗುರದ ಗೆರೆ, ಸಿಗರೇಟಿನ ಕಲೆ ತೋರಿಸುತ್ತಾರೆ. ಅವು ಯಾರವೋ ಗೊತ್ತಿಲ್ಲ ಅನ್ನುತ್ತಾರೆ. ಆಮೇಲೆ ಗಿಟಾರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

"ಇದು ಮಾತ್ರ ನಮ್ಮಮ್ಮಂದು."