ಮನೆಗೆಲಸ ಅಂದುಬಿಟ್ಟೆ

"ತಾಯಿಯವರು ಏನ ಕೆಲಸಾ ಮಾಡತಾರ?" ಅಂತ ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು. ನಾನು ಹಿಂದೆಮುಂದೆ ನೋಡದೆ "ಮನೆಗೆಲಸರಿ" ಅಂದುಬಿಟ್ಟೆ. ಔಷಧ ಏನಾದರೂ ತಗೋತಾರೇನು ಅಂದಿದ್ದಕ್ಕೆ, "ನಮ್ಮವ್ವ ಹುಟ್ಟಿದಾಗಿಂದ ಒಂದ ಗುಳಿಗಿ ನುಂಗಿಲ್ಲರಿ" ಅಂತ ಎದೆಯುಬ್ಬಿಸಿ ಬೇರೆ ಹೇಳಿದೆ. ಅವರು ರಕ್ತದ ರಿಪೋರ್ಟನ್ನು ಮತ್ತೊಮ್ಮೆ ನೋಡಿದರು. ಎರಡೂ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿವೆ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಕಾರಣ ಸಿಗದೆ ಇನ್ನೊಂದು ತಪಾಸಣೆ ಬರೆದುಕೊಟ್ಟರು.

ಅವ್ವನನ್ನು ಬೆಂಚಿನ ಮೇಲೆ ಕೂರಿಸಿ ನಾನು ಅತ್ತಿಂದಿತ್ತ ಅಡ್ಡಾಡತೊಡಗಿದೆ. ವಿಜಯಪುರದ ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದ ನಾಟಿ ಔಷಧದ ಅಂಗಡಿ. ಊರಮಂದಿಗೆಲ್ಲ ಪುಡಿ ಕಟ್ಟಿಕೊಡುವ ನನಗೆ ಹೆತ್ತವ್ವನ ಕಾಲಿನ ಬಾವು ಮೂರು ತಿಂಗಳು ಕಣ್ಣಿಗೇ ಬಿದ್ದಿರಲಿಲ್ಲ. ದೀಪದ ಬುಡ ಕತ್ತಲೆ ಅನ್ನುವುದು ಸುಳ್ಳಲ್ಲ.

ತಿರುಗಿ ನೋಡಿದರೆ ಅವ್ವ ನನ್ನ ಚೀಲಕ್ಕೆ ಕೈ ಹಾಕಿದ್ದಳು. ಅಂಗಡಿಗೆ ಹೊಸದಾಗಿ ಬಂದ, ಹಾವಿನ ವಿಷಕ್ಕೆ ಕೊಡುವ ಈಶ್ವರಿ ಬೇರಿನ ತುಂಡೊಂದು ಅದರಲ್ಲಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡು, "ಹಳೇ ಮಾಲು ತಮ್ಮಾ, ಕಹಿ ಇಳದೈತಿ. ವಾಪಸ್ ಕಳಸು" ಅಂದಳು.

ಡಾಕ್ಟರಮ್ಮ ಕೇಳಿದ್ದು ಇದನ್ನೇ ಅಂತ ನನಗೆ ಆಗ ಹೊಳೆಯಿತು. ಅಂಗಡಿಯ ಪ್ರತಿ ಚೀಲವೂ ಮೊದಲು ಟಿಕೋಟಾದ ನಮ್ಮ ಮನೆಗೆ ಹೋಗುತ್ತದೆ. ಮೂವತ್ತು ವರ್ಷ ಅವ್ವ ಬೇರುಗಳನ್ನು ಪಡಸಾಲೆಯಲ್ಲಿ ಕುಟ್ಟಿದ್ದಾಳೆ, ಅಪ್ಪನ ಹಳೇ ಧೋತರದಲ್ಲಿ ಸೋಸಿದ್ದಾಳೆ, ಒಳ್ಳೆಯದೋ ಕೆಟ್ಟದ್ದೋ ಅಂತ ನಾಲಿಗೆಯಿಂದಲೇ ತೀರ್ಪು ಹೇಳಿದ್ದಾಳೆ. ರೊಟ್ಟಿ ಬಡಿದು ಎದ್ದವಳು ಬೇರು ಕುಟ್ಟುತ್ತಿದ್ದಳು, ಬೇರು ಕುಟ್ಟಿ ಎದ್ದವಳು ಭಾಂಡೆ ತಿಕ್ಕುತ್ತಿದ್ದಳು. ಸಂಜೆಗೆ ರೆಪ್ಪೆಯ ಮೇಲೂ ಪುಡಿ ಕೂತಿರುತ್ತಿತ್ತು. ಅದನ್ನು ನಮ್ಮ ಮನೆಯಲ್ಲಿ ಯಾರೂ ಕೆಲಸ ಅಂತ ಕರೆದವರಲ್ಲ.

ಸರದಿಯನ್ನೂ ಲೆಕ್ಕಿಸದೆ ಒಳಗೆ ನುಗ್ಗಿ ಬೇರನ್ನು ಮೇಜಿನ ಮೇಲಿಟ್ಟು, ಅದರ ಹೆಸರು, ಅವ್ವ ಕುಟ್ಟಿದ್ದು, ರುಚಿ ನೋಡಿದ್ದು ಎಲ್ಲ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. "ಚೀನಾದ ನಾಟಿ ಔಷಧದಾಗೂ ಇದರ ಬಳಗದ ಬೇರು ಇರತಿದ್ವು, ಮಂದಿ ಕಿಡ್ನಿ ಕಳಕೊಂಡಾರ. ನಿಮ್ಮ ತಾಯಿಗೆ ಇದರಿಂದನ ಆಗೈತಿ ಅಂತ ಈಗ ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ಧೂಳು, ರುಚಿ ಎರಡೂ ಇವತ್ತ ಬಂದ್ ಆಗಬೇಕು" ಅಂದರು. ಕಾಗದದಲ್ಲಿ 'ಮನೆಗೆಲಸ' ಹೊಡೆದುಹಾಕಿ 'ಔಷಧ ಕುಟ್ಟುವ ಕೆಲಸ, ಮೂವತ್ತು ವರ್ಷ' ಅಂತ ಬರೆದರು. ಆಮೇಲೆ ತಲೆ ಎತ್ತಿ, "ಈಗ ಮನ್ಯಾಗ ಯಾರ ಕುಟ್ಟತಾರ?" ಅಂದರು.

ಈಗ ಕುಟ್ಟುವವಳು ನನ್ನ ಹೆಂಡತಿ. ಅವ್ವನ ಕೈ ಸೋತಾಗಿನಿಂದ, ಮೂರು ವರ್ಷವಾಯಿತು.

ಟಿಕೋಟಾದ ಮೇಲೆ ಹೋಗುವ ಹೊನವಾಡದ ಬಸ್ಸಿನಲ್ಲಿ ಕೂತು ಅವಳಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ತೊರವಿ ದಾಟುವುದರೊಳಗೆ ಐದು ಸಲ ಹಚ್ಚಿದೆ. ಕುಟ್ಟುವ ಸದ್ದಿನಲ್ಲಿ ಅವಳಿಗೆ ಫೋನ್ ಕೇಳುವುದಿಲ್ಲ ಅಂತ ಗೊತ್ತಿದ್ದೂ ಹಚ್ಚುತ್ತಲೇ ಇದ್ದೆ. ನಿಲ್ಲಿಸಿ ನಿಲ್ಲಿಸಿ ಮಂದಿ ಹತ್ತಿಸಿಕೊಳ್ಳುವ ಕಂಡಕ್ಟರನ ಮೇಲೆ ವಿನಾಕಾರಣ ರೇಗಿದೆ. ಡಾಕ್ಟರಮ್ಮ ಬರೆದದ್ದನ್ನು ನನ್ನಿಂದ ಕೇಳಿದ್ದ ಅವ್ವ ಮಾತ್ರ ಕಿಟಕಿಯ ಕಡೆ ನೋಡುತ್ತ, "ಕಾಗದದಾಗ ಕೆಲಸಾ ಅಂತನ ಬರದಾರೇನು?" ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು.

ಓಣಿಯ ತಿರುವಿನಲ್ಲೇ ಒರಳಿನ ಸದ್ದು ಕೇಳಿತು. ಅವ್ವನನ್ನು ಹಿಂದೆ ಬಿಟ್ಟು ಓಡಿದೆ. ಹೆಂಡತಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೂತಿದ್ದಳು. ಅವಳ ಕೈಯಿಂದ ಕುಟ್ಟುವ ಹಾರೆ ಕಿತ್ತುಕೊಂಡು, ಏದುಸಿರು ಬಿಡುತ್ತ, ನಾನು ಮನೆಗೆಲಸ ಅಂದುಬಿಟ್ಟಿದ್ದರಿಂದ ಹಿಡಿದು ಎಲ್ಲ ಹೇಳಿದೆ. ನಾಳೆಯೇ ನಿನ್ನ ರಕ್ತವನ್ನೂ ತೋರಿಸಬೇಕು ಅಂದೆ.

ಅವಳು ಸೆರಗು ಇಳಿಸಿದಳು. ಆಗಷ್ಟೇ ಬಾಗಿಲಿಗೆ ಬಂದು ಗೋಡೆ ಹಿಡಿದು ನಿಂತ ಅತ್ತೆಯ ಕಾಲು ನೋಡಿದಳು, ಆಮೇಲೆ ತನ್ನ ಕಾಲು ನೋಡಿಕೊಂಡಳು.

"ಡಾಕ್ಟರು ನನ್ನ ಕೆಲಸಾ ಕೇಳಿದ್ರ ಏನಂತ ಹೇಳತೀರಿ?" ಅಂದಳು.